ಒಂದೇ ಬಟ್ಟಲಿನ ಬಣ್ಣ

ಮೊಮ್ಮಗನ ಕಾಯಿಲೆಗೆ ಕಾರಣವೇನೆಂದು ಆ ಮನೆಯ ಅತ್ತೆಗೆ ಮೊದಲೇ ಗೊತ್ತಿತ್ತು. ಎಪ್ಪತ್ತೆರಡು ಪ್ರಶ್ನೆಗಳ ಫಾರಂ ಹಿಡಿದುಕೊಂಡು ನಾನೇ ತಡವಾಗಿ ಹೋಗಿದ್ದೆ.

ಮಕ್ಕಳಿಗೆ ರಕ್ತದ ಕ್ಯಾನ್ಸರ್ ಯಾಕೆ ಬರುತ್ತದೆಂದು ಹುಡುಕುವ ತಂಡದಲ್ಲಿ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಬಸುರಿಯಾಗಿದ್ದಾಗ ತಾಯಿ ಏನು ಉಸಿರಾಡಿದಳು, ಏನು ಮುಟ್ಟಿದಳು, ಎಲ್ಲ ಕೇಳಬೇಕು. ಹೋಲಿಸಿ ನೋಡಲು ಆರೋಗ್ಯವಾಗಿರುವ ಮಗುವಿನ ತಾಯಿಯನ್ನೂ ಕೇಳಬೇಕು. ಒಂದು ಮನೆಯ ಉತ್ತರದಿಂದ ಯಾವ ಮಗುವಿನ ಕಾರಣವೂ ತಿಳಿಯುವುದಿಲ್ಲ. ಸಾವಿರಾರು ಫಾರಂ ಸೇರಿದರೆ ಏನೋ ಒಂದಿಷ್ಟು ಕಂಡೀತು. ಇದನ್ನು ಅತ್ತೆಗೆ ಮೂರು ಸಲ ಬಿಡಿಸಿ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

"ನಾನು ಊರಲ್ಲಿ ಇಲ್ದಾಗ ಇವಳು ತಲೆಗೆ ಬಣ್ಣ ಹಚ್ಕೊಂಡ್ಳು ಮೇಡಂ, ಏಳು ತಿಂಗಳ ಬಸುರಿ! ಮೊದಲು ಅದನ್ನ ಬರ್ಕೊಳಿ."

ಸೊಸೆ ತಲೆ ತಗ್ಗಿಸಿ ಕೂತಿದ್ದಳು. ಮಡಿಲಲ್ಲಿ ಮೂರು ವರ್ಷದ ಮಗ. ಚಿಕಿತ್ಸೆಗೆ ಅವನ ಕೂದಲೆಲ್ಲ ಉದುರಿತ್ತು. ಗೋಡೆಗೆ ಬಣ್ಣ ಹೊಡೆಸಿದ ದಿನ, ಪಕ್ಕದ ಗ್ಯಾರೇಜಿನ ಹೊಗೆ, ತಲೆನೋವಿಗೆ ನುಂಗಿದ ಒಂದು ಮಾತ್ರೆ, ಎಲ್ಲವನ್ನೂ ತಾರೀಖಿನ ಸಮೇತ ಹೇಳಿದಳು. ಒಂದು ವರ್ಷದಿಂದ ಬೇರೇನನ್ನೂ ಯೋಚಿಸದವಳ ನೆನಪು ಅದು.

"ಜಿರಲೆ ಔಷಧಿ?" ಎಂದೆ.

"ಅದನ್ನ ನಾನು ದಿನಾ ಹೊಡೀತಿದ್ದೆ," ಎಂದರು ಅತ್ತೆ, ಹೆಮ್ಮೆಯಿಂದ. "ಬಸುರಿ ಇರೋ ಮನೆ, ಚೊಕ್ಕವಾಗಿರ್ಬೇಡ್ವಾ?"

ಅದನ್ನೂ ಬರೆದುಕೊಂಡೆ. ನಾವು ಕೇಳಬೇಕೇ ಹೊರತು ಏನೂ ಹೇಳುವಂತಿಲ್ಲ, ಅದು ನಿಯಮ.

ಹೋಲಿಕೆಗೆ ಸಿಕ್ಕವಳು ಕೆಳಗಿನ ಮನೆಯ ನಾದಿನಿ, ಅಂದರೆ ಅತ್ತೆಯ ಸ್ವಂತ ಮಗಳು. ಅವಳ ಮಗು ಈ ಹುಡುಗನಿಗಿಂತ ಒಂದು ತಿಂಗಳು ಚಿಕ್ಕದು, ಗಟ್ಟಿಮುಟ್ಟಾಗಿ ಓಡಾಡುತ್ತಿತ್ತು. ಇಲ್ಲಿ ಎಪ್ಪತ್ತೆರಡು ಪ್ರಶ್ನೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಹೊಗೆ? ಇಲ್ಲ. ಮಾತ್ರೆ? ನೆನಪಿಲ್ಲ. ಅದೇ ಗ್ಯಾರೇಜು ಇವಳ ಕಿಟಕಿಗೇ ಅಂಟಿಕೊಂಡಿತ್ತು. ಪುಣ್ಯಾತ್ಗಿತ್ತಿ ಒಂಬತ್ತು ತಿಂಗಳು ಉಸಿರೇ ಆಡಿರಲಿಲ್ಲವೇನೋ!

"ತಲೆಗೆ ಬಣ್ಣ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಕೂದಲು ಮುಟ್ಟಿಕೊಂಡಳು. "ಇಲ್ಲ."

ನಾನು ಹೊರಟಾಗ ಮೆಟ್ಟಿಲವರೆಗೂ ಬಂದಳು. "ಮೇಡಂ, ಹೌದು ಅಂತ ಬರೆಸಿದ್ರೆ ನನ್ನ ಮಗಳಿಗೂ ಬರುತ್ತಾ?"

"ಫಾರಂನಿಂದ ಕಾಯಿಲೆ ಬರಲ್ಲಮ್ಮ."

"ಅವತ್ತು ಅತ್ತಿಗೆ ಬೇಡ ಅಂದ್ರು. ನಾನೇ ಬಲವಂತ ಮಾಡಿ ಹಚ್ಚಿದೆ. ನಾನೂ ಹಚ್ಕೊಂಡೆ."

ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಹತ್ರ ಹೇಳಿ ಏನು ಬಂತು? ಮೇಲೆ ಹೋಗಿ ಹೇಳಮ್ಮ," ಎಂದೆ. ನಿಯಮ ಮುರಿಯಿತು. ಮುರಿಯಲಿ.

ಅವಳು ಹೋದಳು, ನಾನೂ ಹಿಂದೆಯೇ ಹತ್ತಿದೆ. "ಅಮ್ಮ, ಅವತ್ತು ಅತ್ತಿಗೆ ಜೊತೆ ನಾನೂ ಬಣ್ಣ ಹಚ್ಕೊಂಡಿದ್ದೆ. ಒಂದೇ ಬಟ್ಟಲಲ್ಲಿ ಕಲಸಿದ್ದು."

ಅತ್ತೆ ಮಗಳನ್ನು ಮೇಲಿಂದ ಕೆಳಗೆ ನೋಡಿದರು. ಕೆಳಗಿನ ಮನೆಯಲ್ಲಿ ಮೊಮ್ಮಗಳು ಕುಣಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಹಾಗಾದ್ರೆ ಇವಳು ಜಾಸ್ತಿ ಹಚ್ಕೊಂಡಿರ್ಬೇಕು."

ಸೊಸೆ ಆವತ್ತು ಮೊದಲ ಸಲ ತಲೆಯೆತ್ತಿದಳು. "ಬರ್ಕೊಳಿ ಮೇಡಂ," ಎಂದಳು, "ಬಟ್ಟಲು ಒಂದೇ ಅಂತ."

ಫಾರಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅತ್ತೆಯ ಎದುರಿಗೇ ಕೂತು, ಹಾಳೆಯ ಅಂಚಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ.