ಮೂರು ಸೀಟಿ

ಆ ಭಾನುವಾರ ಸಾಲಿನ ಕೊನೆಯ ಜಾಗಕ್ಕಾಗಿ ಟೈಲರಮ್ಮ ಡ್ರಿಲ್ ಮೇಷ್ಟ್ರ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಕಡಲ ದಂಡೆಯ ಗುಂಪು ನಡಿಗೆಯಲ್ಲಿ ದಾರಿ ತೋರಿಸಲು ಮುಂದೆ ಮೇಷ್ಟ್ರು, ಹಿಂದೆ ಸೀಟಿ ಹಿಡಿದವರೊಬ್ಬರು. ಅವರ ಹಿಂದೆ ಒಂದು ನರಪಿಳ್ಳೆಯೂ ಉಳಿಯಕೂಡದು. ಒಂದು ಸೀಟಿ ಅಂದರೆ ನಿಲ್ಲಿ, ಎರಡು ಅಂದರೆ ನಡೆಯಿರಿ, ಮೂರು ಅಂದರೆ ಪ್ರಾಣಾಪಾಯ, ಕೈಯಲ್ಲಿದ್ದದ್ದು ಬಿಟ್ಟು ಎಲ್ಲರೂ ಓಡಿ ಬನ್ನಿ. ಮೇಷ್ಟ್ರು ಇದನ್ನು ಪ್ರತಿವಾರವೂ ಹೊಸ ಪಾಠದಂತೆ ಒಪ್ಪಿಸುತ್ತಿದ್ದರು.

ಯಾರಿಗೂ ಬೇಡವಾದ ಈ ಕೆಲಸ ಇವಳಿಗೇಕೆ ಬೇಕಿತ್ತೆಂದರೆ, ಸದಾ ಹಿಂದೆ ಬೀಳುತ್ತಿದ್ದವರು ಗಡಿಯಾರ ರಿಪೇರಿಯವರು. ಊರಿನ ಗಡಿಯಾರಗಳನ್ನೆಲ್ಲ ನೆಟ್ಟಗೆ ಓಡಿಸುವ ಈ ಪುಣ್ಯಾತ್ಮ ತಾವು ಮಾತ್ರ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವರಲ್ಲ. ನನ್ನನ್ನು ಮದುವೆಯಾಗುತ್ತೀರಾ ಎಂದು ಅವರನ್ನು ಇವತ್ತು ಕೇಳಿಯೇ ಬಿಡುವುದೆಂದು ಐವತ್ತೆರಡರ ಟೈಲರಮ್ಮ ಬೂಟಿನ ಲೇಸು ಕಟ್ಟುವಾಗಲೇ ತೀರ್ಮಾನಿಸಿದ್ದಳು. ನಡಿಗೆ ಮುಗಿಯುವ ಪಬ್ ತಲುಪುವುದರೊಳಗೆ ಕೇಳಬೇಕು. ಅಲ್ಲಿ ಊಟಕ್ಕೆ ಕೂತರೆ ನಡಿಗೆಗೆ ಬಂದಿರುವ ಅವರ ಅಕ್ಕ ತಮ್ಮನ ಮಗ್ಗುಲಲ್ಲೇ ಠಿಕಾಣಿ ಹೂಡುತ್ತಾಳೆ. ಆಕೆ ಬಾಯಿ ತೆರೆದಳೆಂದರೆ ಬೇರೆಯವರಿಗೆ ಉಪ್ಪು ಕೊಡಿ ಅನ್ನಲೂ ಸಂದು ಸಿಗದು. ಮುಂದಿನ ವಾರವಂತೂ ಆ ಅಕ್ಕ ತಮ್ಮನನ್ನು ತನ್ನೂರಿಗೆ ಕರೆದೊಯ್ಯುವವಳಿದ್ದಳು, ಕಾಯಂ ಆಗಿ.

ಬಂಡೆಯ ಏರು ಮುಗಿಯಿತು, ಮಾತು ಬರಲಿಲ್ಲ. ದೀಪಸ್ತಂಭವೂ ಹಿಂದಾಯಿತು, ಊಹೂಂ. ಗಡಿಯಾರದವರು ಏಡಿ ಕಂಡರೆ ನಿಂತರು, ಚಿಪ್ಪು ಕಂಡರೆ ಬಗ್ಗಿದರು. ಮೂವತ್ತು ವರ್ಷ ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಬಟ್ಟೆ ಹೊಲಿದವಳಿಗೆ ಗಾಬರಿಯಾದರೆ ಬಾಯಿಗೆ ಏನಾದರೂ ಬೇಕೇ ಬೇಕು. ಇವತ್ತು ಸಿಕ್ಕಿದ್ದು ಸೀಟಿ. ಅದನ್ನು ಕಚ್ಚಿಕೊಂಡು ಮೂಕಿಯಂತೆ ನಡೆದಳು.

ಅಷ್ಟರಲ್ಲಿ ಪಬ್ಬಿನ ಬಾಗಿಲು ಬಂದೇ ಬಿಟ್ಟಿತು. ಮುಂದಿನವರೆಲ್ಲ ಹಸಿದ ಹೊಟ್ಟೆ ಹೊತ್ತು ದುಡುದುಡು ಒಳನುಗ್ಗಿದರು. ಉಳಿದದ್ದು ಇಪ್ಪತ್ತು ಹೆಜ್ಜೆ. ಕೆಟ್ಟೆ ಎಂದುಕೊಂಡಳು.

ಗಡಿಯಾರದವರು ಗಕ್ಕನೆ ನಿಂತರು. ಕೈಗಡಿಯಾರ ಬಿಚ್ಚಿದರು, ಮತ್ತೆ ಕಟ್ಟಿಕೊಂಡರು.

"ನಂಗೆ ಅಕ್ಕನ ಜೊತೆ ಹೋಗೋಕೆ ಇಷ್ಟ ಇಲ್ಲ. ನೀವು ಒಪ್ಪಿದ್ರೆ, ಮದುವೆ ಮಾಡ್ಕೊಂಡು ಇಲ್ಲೇ ಇದ್ದುಬಿಡ್ತೀನಿ."

ಹುಟ್ಟಿದಾಗಿನಿಂದ ಮೊದಲ ಸಲ ಈ ಮನುಷ್ಯ ಯಾರಿಗಿಂತಲೋ ಮುಂದೆ ಹೋಗಿದ್ದರು! ಟೈಲರಮ್ಮ ಒಪ್ಪಿಗೆ ಎನ್ನಲು ಹೋದಳು, ಸೀಟಿ ಮೊಳಗಿತು. ಬೆಚ್ಚಿ ಅಯ್ಯೋ ಅಂದಳು, ಮತ್ತೆ ಸೀಟಿ. ನಗು ಉಕ್ಕಿ ಬಂತು, ಮೂರನೆಯದು ಇಡೀ ದಂಡೆಗೇ ಕೇಳಿಸಿತು.

ಪಬ್ಬಿಗೆ ಪಬ್ಬೇ ಎದ್ದು ಬಂತು. ಮೇಷ್ಟ್ರ ಕೈಯಲ್ಲಿ ಔಷಧಿ ಪೆಟ್ಟಿಗೆ, ಯಾರದೋ ಕೈಯಲ್ಲಿ ಸೂಪಿನ ಚಮಚ. ಎಲ್ಲರಿಗಿಂತ ಮುಂದೆ, ಕೊರಳಿಗೆ ಕಟ್ಟಿದ ಕರವಸ್ತ್ರದ ಸಮೇತ, ಅಕ್ಕ. ಯಾರಿಗೆ ಏನಾಯಿತೆಂದು ಮೇಷ್ಟ್ರು ಏದುಸಿರಿನಲ್ಲೇ ಗದರಿಸಿದರು.

ಟೈಲರಮ್ಮ ಕಡೆಗೂ ಸೀಟಿಯನ್ನು ಬಾಯಿಂದ ತೆಗೆದಳು. ಅಕ್ಕನನ್ನೇ ನೋಡಿ ಹೇಳಿದಳು:

"ನಿಮ್ಮ ತಮ್ಮ ನಿಮ್ಮೂರಿಗೆ ಬರಲ್ಲ ಅಕ್ಕಾ. ನನ್ನ ಜೊತೆ ಇರ್ತಾರೆ."

ಅಕ್ಕ ಬಾಯಿ ತೆರೆದಳು. ತಮ್ಮನ ಮುಖ ನೋಡಿದಳು. ಅವರು ಚಿಕ್ಕ ಹುಡುಗನ ಹಾಗೆ ತಲೆಯಾಡಿಸಿದರು. ಆಕೆಯ ಕಣ್ಣು ತುಂಬಿತು. ಕೈಚಾಚಿ ಟೈಲರಮ್ಮನಿಂದ ಸೀಟಿ ಕಿತ್ತುಕೊಂಡಳು, ಕರವಸ್ತ್ರದಲ್ಲಿ ಚೆನ್ನಾಗಿ ಒರೆಸಿದಳು, ಎರಡು ಸಲ ಊದಿದಳು.

ಎಲ್ಲರೂ ಊಟಕ್ಕೆ ನಡೆದರು.