ನಂದು ಎಂಬ ಕೂಗು

ಮುಲಾಮಿನ ಘಾಟು ಬಾಗಿಲಿನ ಈಚೆಗೇ ಮೂಗಿಗೆ ಬಡಿಯಿತು, ಗೋಲ್‌ಕೀಪರ್ ಆಗಿದ್ದ ಹತ್ತೊಂಬತ್ತು ವರ್ಷವೂ ಅದೇ ಘಾಟು, ಮೊದಲು ಮೊಣಕಾಲಿಗೆ, ಆಮೇಲೆ ಭುಜಕ್ಕೆ, ಕೊನೆಗೆ ಸೊಟ್ಟಗಾದ ಈ ಕಿರುಬೆರಳಿಗೆ, ಮ್ಯಾನೇಜರ್ ಆದಮೇಲೆ ಹಚ್ಚಿಕೊಳ್ಳಲು ಜಾಗವೇ ಇಲ್ಲ, ನೋವೆಲ್ಲ ತಲೆಯೊಳಗೆ — ಮಧ್ಯಂತರವೆಂದರೆ ಹದಿನೈದೇ ನಿಮಿಷ, ಮೂರು ಆಗಲೇ ಡ್ರೆಸ್ಸಿಂಗ್ ರೂಮಿನ ಮುಂದಿನ ಈ ಓಣಿಯಲ್ಲಿ ನಿಂತೇ ಕಳೆದವು, ಒಳಗೆ ತಂಡ ಕಾಯುತ್ತಿದೆ, ಒಂದು ಗೋಲು ಹಿಂದೆ, ಅದೂ ಎಂಥ ಗೋಲು, ಅಂಬೆಗಾಲಿಡುವ ಕೂಸು ಹೊಸಿಲು ದಾಟಿದ ಹಾಗೆ ಚೆಂಡು ಮೆಲ್ಲಗೆ ಉರುಳಿ ಬಲೆ ಸೇರಿತು, ಡಿಫೆಂಡರ್ ಗೋಡೆ ಕಾಲೆತ್ತಿ ಅದಕ್ಕೆ ದಾರಿ ಬಿಟ್ಟ. ಅವನಿಗೆ ಗೋಡೆ ಅಂತ ಹೆಸರಿಟ್ಟವನೂ ಈ ಮ್ಯಾನೇಜರೇ, ಹನ್ನೊಂದು ವರ್ಷ ಇವನ ಗೋಲಿನ ಮುಂದೆ ಎದೆಗೊಟ್ಟು ನಿಂತ ಪುಣ್ಯಾತ್ಮ, ಒಂದು ದಿನವೂ ಹಿಂದೆ ತಿರುಗಿ ನೋಡಿದವನಲ್ಲ, ನಂದು ಅಂತ ಇವನು ಕೂಗಿದರೆ ಸಾಕು, ಚೆಂಡು ಬಿಟ್ಟುಬಿಡುತ್ತಿದ್ದ, ಹಿಂದಿರುವವನು ಹಿಡಿದೇ ಹಿಡಿಯುತ್ತಾನೆ ಅಂತ. ಈಗ ಕ್ಲಬ್ಬಿನ ಅಧ್ಯಕ್ಷರು ಮೆಟ್ಟಿಲ ಹತ್ತಿರ ತೋಳು ಹಿಡಿದು, ಆ ಮುದುಕನ್ನ ಮೊದ್ಲು ಹೊರಗೆ ಕೂರಿಸಿ, ಕಾಲೆತ್ತಿ ಗೋಲು ದಾನ ಮಾಡ್ತಾನಲ್ರೀ, ಇವತ್ತು ಸೋತ್ರೆ ಕೆಳಗಿನ ದರ್ಜೆಗೆ ಬೀಳ್ತೀವಿ, ಅವನಾದ್ರೂ ಹೋಗ್ಬೇಕು, ಇಲ್ಲ ನೀವಾದ್ರೂ — ಆಗಲಿ ಸಾರ್, ಅಂದುಬಿಟ್ಟ ಇವನು, ಎಷ್ಟು ಸಲೀಸಾಗಿ ಹೊರಳಿತು ಈ ಹಾಳು ನಾಲಿಗೆ, ಗೋಡೆಗಿದು ಕೊನೆಯ ಪಂದ್ಯ, ಮೇಲೆ ಗ್ಯಾಲರಿಯಲ್ಲಿ ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಅಪ್ಪನ ಅಂಗಿಯದೇ ಬಣ್ಣದ ಟೋಪಿ ಹಾಕಿಕೊಂಡು ಕೂತಿದ್ದಾರೆ.

ಕೂಗಿದ್ದು ಯಾರು ಅಂತ ಅಧ್ಯಕ್ಷರಿಗೇನು ಗೊತ್ತು, ಗೆರೆಯಾಚೆ ಇಸ್ತ್ರಿ ಕೋಟು ತೊಟ್ಟು ನಿಂತಿದ್ದ ಇವನೇ, ಚೆಂಡು ಈಗಿನ ಗೋಲ್‌ಕೀಪರನ ಕೈತಪ್ಪಿ ಪುಟಿದದ್ದು ಕಂಡಿದ್ದೇ ತಡ, ಗಂಟಲೇ ಒಡೆಯುವಂತೆ ನಂದು, ಆ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಲಿಲ್ಲ, ಗೋಡೆಯ ಕಿವಿಗೆ ಮಾತ್ರ ಕೇಳಿತು, ಕಾಲೆತ್ತಿದ. ಹುಟ್ಟುಗುಣ ಸುಟ್ಟರೂ ಹೋಗದು, ಮನೆಯಲ್ಲಿ ಮೇಜಿನಿಂದ ಲೋಟ ಉರುಳಿದರೂ ನಂದು ಅಂತಲೇ ಹಾರುವುದು, ಹೆಂಡತಿ ನಗುತ್ತಾಳೆ, ಎಲ್ಲಾ ನಿಮ್ದೇ ಕಣ್ರೀ, ತೊಳೆಯೋ ಪಾತ್ರೆ ಮಾತ್ರ ನಂದು — ಹೇಳಿಬಿಡಲೇ, ಹೇಳಿದರೆ ಕೆಲಸ ಹೋಯಿತು, ಮ್ಯಾನೇಜರೇ ಗೋಲು ಬಿಟ್ಟನಂತೆ ಅಂತ ಊರೆಲ್ಲ ನಗು, ಹೇಳದಿದ್ದರೆ ಗೋಡೆ ಬಾಯಿ ಬಿಡುವವನಲ್ಲ, ಅದೇ ಕಷ್ಟ, ಅವನು ಬಾಯಿ ಬಿಡುವವನಾಗಿದ್ದರೆ ಎಷ್ಟು ಸುಲಭವಿತ್ತು, ಮೊಣಕಾಲಿನ ಆಪರೇಷನ್ ಆದಾಗ ಆರು ವಾರ ಇವನನ್ನು ಹೆಗಲು ಕೊಟ್ಟು ಮೂರು ಮಹಡಿ ಹತ್ತಿಸಿದವನು, ಒಂದು ದಿನ ಉಸ್ಸಪ್ಪಾ ಅನ್ನಲಿಲ್ಲ, ಅಣ್ಣ ನೀವು ತೂಕ ಇಳಿಸ್ಬೇಕು ಅಂದಿದ್ದಷ್ಟೇ. ಬೆನ್ನ ಹಿಂದೆ ಅಧ್ಯಕ್ಷರ ಬೂಟಿನ ಸಪ್ಪಳ, ಬರುತ್ತಿದ್ದಾರೆ, ನೋಡಲೆಂದೇ ಬರುತ್ತಿದ್ದಾರೆ, ಬಾಗಿಲು ದೂಡಿದ, ಗೋಡೆ ಬೆಂಚಿನ ತುದಿಯಲ್ಲಿ ಕೂತು ಆಗಲೇ ಬೂಟಿನ ದಾರ ಬಿಚ್ಚುತ್ತಿದ್ದಾನೆ, ಬನ್ನಿ ಅಣ್ಣ, ಇವರಿಗೆಲ್ಲ ಹೇಳಿದೀನಿ, ಕಾಲು ಜಾರ್ತು ನಂಗೆ, ಬೇರೆಯವರನ್ನ ಇಳಿಸಿ — ಸುಳ್ಳು, ಇವನಿಗಾಗಿ ಹೇಳಿದ ಅಪ್ಪಟ ಸುಳ್ಳು, ಮೊದ್ಲು ದಾರ ಕಟ್ಕೊಳ್ಳೋ, ಕಾಲು ಜಾರಿದ್ದಲ್ಲ, ನಂದು ಅಂತ ಕೂಗಿದ್ದು ನಾನು, ಅಧ್ಯಕ್ಷರಿಗೂ ಕೇಳುವಂತೆಯೇ ಅಂದ, ಗೋಡೆ ತಲೆ ಕೆರೆದುಕೊಂಡು, ನೀವು ಗೆರೆಯಾಚೆ ಇದ್ದೀರಿ ಅನ್ನೋದೇ ಮರ್ತೋಯ್ತು ಅಣ್ಣ, ಅಂದ. ಇನ್ನು ದ್ವಿತೀಯಾರ್ಧದ ಲೆಕ್ಕಾಚಾರ ಹೇಳಬೇಕು, ಹಲಗೆಯ ಮೇಲೆ ಗೀಚಬೇಕು, ಬಲಬದಿ ಮುಚ್ಚಿ ಅನ್ನಬೇಕು, ಎಲ್ಲರೂ ನೋಡುತ್ತಿದ್ದಾರೆ, ಕಣ್ಣ ಮುಂದೆ ಮಾತ್ರ ಆ ಕಾಲು, ಹಿಂದೆ ತಿರುಗಿಯೂ ನೋಡದೆ ಎತ್ತಿದ ಆ ಕಾಲು —