ಹುಬ್ಬಿನ ಮೇಲಿನ ಗುರುತು

ಹಾರ್ಲೆಮ್ ಊರಿನ ಅರ್ಧಕ್ಕರ್ಧ ಮಕ್ಕಳ ಮುಖ ವೌಟರನ ಕುಂಚದಿಂದ ಇಳಿದದ್ದು. ಬಟ್ಟೆ ವ್ಯಾಪಾರಿಗಳ ಮಕ್ಕಳು, ಬಿಯರ್ ಕಾಯಿಸುವವರ ಮಕ್ಕಳು, ಪಾದ್ರಿಯ ಅವಳಿಜವಳಿ, ಕೊನೆಗೆ ಯಾರದೋ ಮೊಮ್ಮಗ ಹಟ ಹಿಡಿದನೆಂದು ಅವನ ಮೇಕೆಮರಿ ಕೂಡ. ಬರೆಯದೆ ಉಳಿದದ್ದು ಒಂದೇ ಮುಖ. ಅದು ಅವನ ಸ್ವಂತ ಮಗಳು ಬೆಲಿಯದು. ಹೆಂಡತಿ ಹಿಲ್ಲೆ ಕೇಳಿ ಕೇಳಿ ಸಾಕಾಗಿದ್ದಳು. “ನಾಳೆ ಬರೀತೀನಿ ಕಣೇ, ಅವಳೇನು ಓಡಿಹೋಗ್ತಾಳಾ?” ಅನ್ನುತ್ತಿದ್ದ. ವೌಟರ್ ಕೆಟ್ಟವನಲ್ಲ, ಮೈಗಳ್ಳನೂ ಅಲ್ಲ. ಊರವರ ಕೆಲಸಕ್ಕೆ ಇವತ್ತು, ಮನೆಯ ಕೆಲಸಕ್ಕೆ ನಾಳೆ ಅನ್ನುವ ಪೈಕಿ, ಅಷ್ಟೆ.

ಬೆಲಿಗೆ ಆರು ತುಂಬಿದ ಚಳಿಗಾಲದಲ್ಲಿ ಜ್ವರ ಬಂತು. ನಾಲ್ಕೇ ದಿನ, ಮುಗಿದುಹೋಯಿತು. ಆಮೇಲೆ ಆ ಮನೆಯಲ್ಲಿ ಯಾರೂ ನಾಳೆ ಅನ್ನಲಿಲ್ಲ, ಬೆಲಿ ಅಂತಲೂ ಅನ್ನಲಿಲ್ಲ. ಹಿಲ್ಲೆ ಬಡಿಸುವಳು, ವೌಟರ್ ಉಣ್ಣುವನು, ಎದ್ದು ಅಟ್ಟದ ಮೇಲಿನ ಚಿತ್ರದ ಕೋಣೆಗೆ ಹೋಗುವನು. ಮಗಳಿಗಾಗಿ ಅವನು ಒಂದು ಹನಿ ಕಣ್ಣೀರು ಹಾಕಿದ್ದನ್ನು ಅವಳು ಕಂಡಿರಲಿಲ್ಲ. ಕಲ್ಲು, ಬರೀ ಕಲ್ಲು ಎಂದು ಅವಳು ಮನಸ್ಸಿನಲ್ಲೇ ಮೂರು ವರ್ಷ ಅವನನ್ನು ಶಪಿಸಿದಳು.

ಮೂರನೆಯ ಬೇಸಿಗೆಗೆ ಊರಿಗೆ ಪ್ಲೇಗು ಬಂತು. ಧಾನ್ಯದ ವ್ಯಾಪಾರಿಯ ಮನೆ ಬಾಗಿಲಿಗೂ ಎಚ್ಚರಿಕೆಯ ಹುಲ್ಲಿನ ಸಿವುಡು ಕಟ್ಟಿದರು. ಅವರ ಒಬ್ಬಳೇ ಮಗಳು ಲೈಸ್ ಹೋದಳು. ಬೇರೆ ಕಾಯಿಲೆಯಾಗಿದ್ದರೆ ಮಣ್ಣು ಮಾಡುವ ಮೊದಲು ಚಿತ್ರಗಾರನನ್ನು ಕರೆಸುತ್ತಿದ್ದರು. ಪ್ಲೇಗಿನ ಹೆಣದ ಹತ್ತಿರಕ್ಕೆ ಯಾರನ್ನು ಬಿಟ್ಟಾರು? ಸಿವುಡು ಬಿಚ್ಚಿದ ಮೇಲೆ ತಾಯಿ ಕೊರ್ನೇಲಿಯಾ ವೌಟರನ ಹತ್ತಿರ ಬಂದಳು. ಹೊಗೆ ಕೊಟ್ಟು ಬಿಸಿಲಿಗೆ ಹಾಕಿದ ಮಗಳ ಹಳದಿ ಉಡುಪು, ಕುಲಾವಿ, ಎಲ್ಲ ಗಂಟು ಕಟ್ಟಿ ತಂದಿದ್ದಳು.

“ಸತ್ತು ಮಲಗಿರೋ ಹಾಗೆ ಬೇಡ ಮೇಷ್ಟ್ರೇ. ನಿಂತಿರೋ ಹಾಗೆ ಬರೀರಿ. ಕೂದಲು ಜೇನಿನ ಬಣ್ಣ. ಕಣ್ಣು ಕಂದು. ನಗೋವಾಗ ತುಟಿ ಒಂದು ಕಡೆ ಹೋಗ್ತಿತ್ತು...” ಮುಂದೆ ಹೇಳಲಾಗದೆ ಹೊರಟುಹೋದಳು.

ವೌಟರ್ ಮಾದರಿಗೆಂದು ಇಟ್ಟಿದ್ದ ಮರದ ಬೊಂಬೆಗೆ ಆ ಉಡುಪು ತೊಡಿಸಿ ಬರೆಯತೊಡಗಿದ. ಉಡುಪು ಬಂತು, ಕೈ ಬಂತು, ಕೈಯಲ್ಲಿ ದಾರ ಕಟ್ಟಿದ ಪುಟ್ಟ ಹಕ್ಕಿ ಬಂತು. ಮುಖದ ಜಾಗ ಮಾತ್ರ ವಾರಗಟ್ಟಲೆ ಖಾಲಿ ಇತ್ತು.

ಒಂದು ಶನಿವಾರ ಬೆಳಿಗ್ಗೆ ಹಿಲ್ಲೆ ಮಜ್ಜಿಗೆ ಗಂಜಿ ಹಿಡಿದು ಅಟ್ಟ ಹತ್ತಿದಳು. ಚಿತ್ರದ ಹಲಗೆ ನೋಡಿದವಳೇ ಗಂಜಿಯ ಬಟ್ಟಲನ್ನು ನೆಲದ ಮೇಲಿಟ್ಟು ಗೋಡೆ ಹಿಡಿದುಕೊಂಡಳು. ಯಾರದೋ ಹಳದಿ ಉಡುಪು ತೊಟ್ಟು ಬೆಲಿ ನಿಂತಿದ್ದಳು. ಅದೇ ಕಣ್ಣು, ಅದೇ ತುಂಟ ತುಟಿ. ಎಡಹುಬ್ಬಿನ ಮೇಲೆ ಗೋಧಿ ಕಾಳಿನಷ್ಟು ಗುರುತು ಕೂಡ. ಹೆಪ್ಪುಗಟ್ಟಿದ ಸ್ಪಾರ್ನೆ ಹೊಳೆಯ ಮೇಲೆ ಹಿಡಿತಕ್ಕೆ ಕುರ್ಚಿ ತಳ್ಳಿಕೊಂಡು ಜಾರುವಾಗ ಬಿದ್ದು ಆದ ಗಾಯ ಅದು. ಅವತ್ತು ಮಗುವನ್ನು ಹೊತ್ತು ತಂದವನು ವೌಟರನೇ.

“ಯಾರ್ರೀ ಇದು?”

“ಧಾನ್ಯದವರ ಹುಡುಗಿ.”

“ನನ್ನ ಹತ್ರ ಸುಳ್ಳು ಹೇಳ್ಬೇಡಿ.”

“ಬೇಕಂತ ಮಾಡಿದ್ದಲ್ಲ ಹಿಲ್ಲೆ. ತಾನಾಗೇ ಬಂತು.”

“ಅಯ್ಯೋ ಪುಣ್ಯಾತ್ಮ! ಕಂಡೋರ ಮನೆ ಗೋಡೆಗೆ ನಮ್ಮ ಮಗು. ನನಗೆ ಒಂದೇ ಒಂದು ಸಲ ಬರೆದುಕೊಡೋಕೆ ನಿಮಗೇನು ರೋಗ ಬಂದಿತ್ತು?”

ವೌಟರ್ ಕುಂಚ ಕೆಳಗಿಟ್ಟ. ಗೋಡೆಗೆ ಮುಖ ಮಾಡಿ ಒರಗಿಸಿದ್ದ ಹಲಗೆಗಳನ್ನು ಒಂದೊಂದಾಗಿ ತಿರುಗಿಸಿದ. ಎಂಟು ಹಲಗೆ. ಎಂಟರಲ್ಲೂ ಬೆಲಿಯ ಕುಲಾವಿ, ಬೆಲಿಯ ಪುಟ್ಟ ಭುಜ. ಒಂದರಲ್ಲೂ ಮುಖವಿರಲಿಲ್ಲ.

“ಅವಳು ಹೋದಾಗಿಂದ ಬರೀತಾನೇ ಇದೀನಿ ಕಣೇ. ಹಣೆ ಬರುತ್ತೆ, ಗಲ್ಲ ಬರುತ್ತೆ. ಅವಳು ಬರಲ್ಲ. ನಿನ್ನೆ ಅವಳನ್ನ ನೆನೆಸ್ಕೊಳ್ಳದೆ ಕೂತಿದ್ದೆ ನೋಡು, ಬಂದುಬಿಟ್ಲು.”

ಮೂರು ವರ್ಷ ಒಂದೇ ಸೂರಿನಡಿ ಇಬ್ಬರೂ ಬೇರೆ ಬೇರೆ ಅತ್ತಿದ್ದರು. ಹಿಲ್ಲೆ ಅವನ ಬಣ್ಣ ಮೆತ್ತಿದ ಅಂಗಿಗೆ ಮುಖವಿಟ್ಟು ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ಇದನ್ನ ಕೊಡ್ಬೇಡಿ” ಅಂದಳು.

“ಕೊಡದೆ ಆಗಲ್ಲ. ಆದ್ರೆ ಬಣ್ಣ ಹಸಿ ಇದೆ ಅಂತ ಹತ್ತು ದಿನ ತಗೋತೀನಿ. ನೋಡ್ಕೊಂಡು ನಮಗೊಂದು ಬರೀತೀನಿ. ಎದುರಿಗಿದ್ರೆ ಕೈ ನಿಲ್ಲಲ್ಲ.”

“ನಾಳೆ ಅಂದ್ರೆ ನೋಡಿ ಮತ್ತೆ!”

“ಇಲ್ವೇ, ಈಗಲೇ.” ಹೊಸ ಹಲಗೆ ತೆಗೆದು, ತಲೆಯ ಸುತ್ತಳತೆಗೆ ಒಂದು ಗೆರೆ ಎಳೆದ.

ಅಷ್ಟರಲ್ಲಿ ಕೆಳಗೆ ಬಾಗಿಲು ಬಡಿಯಿತು. ಕೊರ್ನೇಲಿಯಾ ಯಾರ ಅಪ್ಪಣೆಗೂ ಕಾಯದೆ ಮೆಟ್ಟಿಲು ಹತ್ತಿ ಬಂದಳು.

“ಗಾಳಿ ತಿರುಗಿದೆ ಮೇಷ್ಟ್ರೇ, ಹಡಗು ಹೊರಡುತ್ತಂತೆ. ನಾವು ಸಮುದ್ರದಾಚೆ ಡಾನ್ಜಿಗ್‌ಗೇ ಹೋಗಿಬಿಡ್ತಿದೀವಿ. ಇನ್ನು ಈ ಊರಿಗೆ ಬರೋದಿಲ್ಲ. ಹಡಗಿನ ಹತ್ರಕ್ಕೆ ಮಧ್ಯಾಹ್ನಕ್ಕೆ ದೋಣಿ.”

“ಬಣ್ಣ ಹಸಿ ಇದೆ ಅಮ್ಮಾವ್ರೇ...” ಅಂದ ವೌಟರ್. ಕೇಳಿಸಿಕೊಳ್ಳುವವರು ಯಾರು? ಅವಳು ಆಗಲೇ ಚಿತ್ರದ ಮುಂದೆ ಕುಸಿದು ಕೂತಿದ್ದಳು.

“ಲೈಸ್... ಎಷ್ಟು ಸೊರಗಿದೀಯೇ ನನ್ನ ಬಂಗಾರ! ಊಟ ಮಾಡಿದ್ಯಾ?”

ಆಮೇಲೆ ತಲೆಯೆತ್ತಿದಳು. “ಎಲ್ಲಾ ಅವಳೇ ಮೇಷ್ಟ್ರೇ. ಈ ಹುಬ್ಬಿನ ಮೇಲಿನ ಗುರುತು ಮಾತ್ರ ನಮ್ಮವಳಿಗೆ ಇರ್ಲಿಲ್ಲ. ಅದೊಂದು ತೆಗೆದುಬಿಡಿ.”

ಇವಳು ನಿನ್ನವಳಲ್ಲ, ನನ್ನವಳು ಅನ್ನುವ ಮಾತು ಹಿಲ್ಲೆಯ ನಾಲಿಗೆಯ ತುದಿಗೆ ಬಂತು. ಆದರೆ ಕೊರ್ನೇಲಿಯಾ ಬೊಂಬೆಯ ತಲೆಯಿಂದ ಕುಲಾವಿ ತೆಗೆದು ಮೂಗಿಗೆ ಒತ್ತಿಕೊಂಡಿದ್ದಳು. ಹಿಲ್ಲೆಯ ಪೆಟ್ಟಿಗೆಯಲ್ಲೂ ಅಂಥದ್ದೊಂದು ಕುಲಾವಿ ಇತ್ತು. ಮೂಸಿ ಮೂಸಿ ಅದರಲ್ಲಿ ಈಗ ಬರೀ ಪೆಟ್ಟಿಗೆಯ ವಾಸನೆ.

ವೌಟರ್ ಕುಂಚ ಎತ್ತಿದ. ಕೈ ಮುಂದಕ್ಕೆ ಹೋಗಲಿಲ್ಲ. ಹೆಂಡತಿಯ ಮುಖ ನೋಡಿದ. ಹಿಲ್ಲೆಯೇ ಮುಂದೆ ಬಂದಳು. ಹೆಬ್ಬೆರಳನ್ನು ಬಣ್ಣ ಕಲಸುವ ಎಣ್ಣೆಗೆ ತಾಗಿಸಿ, ಮಗುವಿನ ಮುಖಕ್ಕೆ ಮೆತ್ತಿದ ಗಂಜಿ ಒರೆಸುವ ಹಾಗೆ ಆ ಹುಬ್ಬನ್ನು ಮೆಲ್ಲಗೆ ಒರೆಸಿದಳು. ಗುರುತು ಹೋಯಿತು. ಇನ್ನು ಅದು ಬೆಲಿ ಎಂದರೆ ಜಗತ್ತಿನಲ್ಲಿ ಯಾರೂ ನಂಬುವ ಹಾಗಿರಲಿಲ್ಲ.

ಆಳುಗಳು ಹಲಗೆಯನ್ನು ಪೆಟ್ಟಿಗೆಯಲ್ಲಿಟ್ಟು ಇಳಿಸಿಕೊಂಡು ಹೋದರು. ಹಿಲ್ಲೆ ಕಾಲುವೆಯವರೆಗೂ ಹಿಂದೆ ಹೋದಳು.

“ಅಮ್ಮಾವ್ರೇ, ದೋಣಿಯಲ್ಲಿ ಒಳಗಡೆ ಇಟ್ಕೊಳ್ಳಿ. ಅವಳಿಗೆ ನೀರಿನ ಮೇಲಿನ ಗಾಳಿ ಆಗಲ್ಲ.”

ಕೊರ್ನೇಲಿಯಾ ಬೆರಗಾಗಿ ತಿರುಗಿದಳು. “ಹೌದು ಕಣಮ್ಮ, ನಮ್ಮ ಲೈಸ್‌ಗೆ ಆಗ್ತಾನೇ ಇರ್ಲಿಲ್ಲ. ನಿನಗೆ ಹೇಗೆ ಗೊತ್ತಾಯ್ತು?”

“ಮಕ್ಕಳು ಅಲ್ವಾ, ಯಾರಿಗೂ ಆಗಲ್ಲ.”

ಮನೆಗೆ ಬಂದಾಗ ವೌಟರ್ ಆ ಒಂದೇ ಗೆರೆಯ ಹಲಗೆಯ ಮುಂದೆ ಕೂತಿದ್ದ. ಕುಂಚ ಒಣಗಿತ್ತು. ಅವಳನ್ನು ನೋಡಿ ಎದ್ದು, ಹೂಜಿಯಲ್ಲಿ ನೀರು ತಂದ. ಮದುವೆಯಾದಾಗಿನಿಂದ ಅವನು ಅವಳಿಗೆ ನೀರು ತಂದುಕೊಟ್ಟವನಲ್ಲ.

“ಕೈ ತೊಳ್ಕೋ ಬಾ. ಏನಾದ್ರೂ ಉಣ್ಣೋಣ.”

ಹಿಲ್ಲೆ ಹೆಬ್ಬೆರಳು ನೋಡಿಕೊಂಡಳು. ಗೋಧಿ ಕಾಳಿನಷ್ಟು ಬಣ್ಣ ಅಲ್ಲೇ ಇತ್ತು. ಅದನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಬಿಗಿದಳು.

“ನಾಳೆ ತೊಳ್ಕೋತೀನಿ ರೀ” ಅಂದಳು.